ಗುರುವಾರದ ಸಹಿ

ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ ಎಂದು ಆ ಬುಧವಾರ ಡೈರಿಯಲ್ಲಿ ಬರೆದುಕೊಂಡೆ. ಔಷಧಿ ಅಂಗಡಿಯಲ್ಲಿ ಅಮ್ಮನ ಮಾತ್ರೆಗೆ ಸಹಿ ಹಾಕಬೇಕಿತ್ತು. ಪೆನ್ನು ತಾನಾಗಿಯೇ ಗುಲ್‌ಬಖ್ತ್ ಖಾಲಾ ಹೆಸರಿನ ಮೊದಲ ಅಕ್ಷರ ಬರೆದುಬಿಟ್ಟಿತು. ಹೊಡೆದುಹಾಕಿ ನನ್ನ ಹೆಸರು ಬರೆದೆ. ಅಂಗಡಿಯ ಹುಡುಗಿ ಒಮ್ಮೆ ಕಾಗದ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.  ಮನೆ ತಲುಪುವವರೆಗೂ ನನ್ನ ಕಿವಿ ಬಿಸಿಯಾಗಿಯೇ ಇತ್ತು.

ಮೂರು ಗುರುವಾರಗಳಿಂದ ನಾನು ಖಾಲಾ ಹೆಸರಿನಲ್ಲಿ ಹಾಜರಿ ಹಾಕುತ್ತಿದ್ದೆ.

ವಲಸೆ ಬಂದ ನಮ್ಮಂಥವರ ಇಂಗ್ಲಿಷ್ ವ್ಯಾಕರಣದ ಕ್ಲಾಸು ಡ್ಯಾಂಡೆನಾಂಗ್‌ನ ರೈಲು ನಿಲ್ದಾಣದ ಹಿಂದಿನ ಎರಡಂತಸ್ತಿನ ಕಟ್ಟಡದಲ್ಲಿ, ವಾರಕ್ಕೆ ಎರಡು ದಿನ ನಡೆಯುತ್ತಿತ್ತು. ಕಾಬೂಲಿನಲ್ಲಿ ಭೂಗರ್ಭಶಾಸ್ತ್ರದ ಪದವಿ ಮುಗಿಸಿದವಳು ನಾನು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು, ಬರೆಯಲೂ ಬರುತ್ತಿತ್ತು. ಆದರೆ ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳಲು ಎರಡು ನಿಲ್ದಾಣ ಮೊದಲೇ ಮನಸ್ಸಿನಲ್ಲಿ ಅಭ್ಯಾಸ ಮಾಡಬೇಕಾಗುತ್ತಿತ್ತು. ಎಷ್ಟೋ ದಿನ ಹೇಳದೆಯೇ ಇಳಿದಿದ್ದೇನೆ.

ಮೊದಲ ದಿನ ಟೀಚರ್ ಡೆಸ್ಪಿನಾ ನಿಯಮಗಳ ಹಾಳೆ ಹಂಚಿ, ಒಬ್ಬೊಬ್ಬರಿಂದ ಒಂದೊಂದು ನಿಯಮ ಓದಿಸಿದ್ದರು. ಹತ್ತರಲ್ಲಿ ಎಂಟು ದಿನ ಬರಲೇಬೇಕು. ಫೋನು ಬುಟ್ಟಿಯಲ್ಲಿ, ಮಾತೃಭಾಷೆ ಬಾಗಿಲಾಚೆ. ತಡವಾದರೆ ಬಾಗಿಲು ಬಡಿಯದೆ ಮೆತ್ತಗೆ ಬಂದು ಕೂರಬೇಕು. ನನ್ನ ಪಾಲಿಗೆ ಏಳನೆಯದು ಬಂತು: ಹಾಜರಿ ಹಾಳೆಯಲ್ಲಿ ಅವರವರ ಹೆಸರಿಗೆ ಅವರವರೇ ಸಹಿ ಹಾಕಬೇಕು, ಬೇರೆಯವರ ಸಹಿ ಹಾಕಿದವರ ಜಾಗ ಆ ಅವಧಿಗೆ ರದ್ದು. ಎಷ್ಟು ಮೆಲ್ಲಗೆ ಓದಿದೆನೆಂದರೆ ಟೀಚರ್, "ಇನ್ನೊಂದ್ ಸಲ ಓದಿ ನೀಲಾಬ್, ಈ ಸಲ ನಾವೂ ಕೇಳಿಸ್ಕೊಳ್ತೀವಿ" ಎಂದರು. ಎಲ್ಲರೂ ನಕ್ಕರು. ಆಮೇಲೆ ಕ್ಲಾಸಿನಲ್ಲಿ ನನ್ನ ದನಿ ಯಾರೂ ಅಷ್ಟಾಗಿ ಕೇಳಲಿಲ್ಲ.

ಖಾಲಾ ಮೊದಲ ಸಲ ಕೇಳಿದ್ದು ಬಸ್ ನಿಲ್ದಾಣದಲ್ಲಿ. ಖಾಲಾ ಎಂದರೆ ನಮ್ಮಲ್ಲಿ ಚಿಕ್ಕಮ್ಮ; ಅವರು ನಮ್ಮ ಬೀದಿಯವರೇ. ಐವತ್ತೆರಡು ವಯಸ್ಸು, ಶಾಲೆಯ ಮೆಟ್ಟಿಲು ಹತ್ತಿದ್ದು ಈ ದೇಶಕ್ಕೆ ಬಂದ ಮೇಲೆ.

"ನೀಲಾಬ್ ಜಾನ್, ಈ ಗುರುವಾರ ನನ್ ಹೆಸರು ಒಂಚೂರು ಗೀಚಿಬಿಡು ಮಗಳೇ."

"ಯಾಕೆ ಖಾಲಾ?"

"ಕರ್ಬಲಾಯಿಗೆ ಮಂಡಿ ನೋವು. ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು." ಗಂಡ ಕರ್ಬಲಾ ಯಾತ್ರೆ ಮಾಡಿ ಬಂದವರು, ಖಾಲಾ ಅವರನ್ನು ಕರೆಯುವುದೇ ಹಾಗೆ.

"ಟೀಚರಿಗೆ ಹೇಳಿದ್ರೆ ರಜೆ ಕೊಡ್ತಾರಲ್ಲ?"

"ಡಾಕ್ಟರ್ ಚೀಟಿ ಕೇಳ್ತಾಳೆ ಅವಳು. ಚೀಟಿ ಇಲ್ಲ ಅಂದ್ರೆ ಆಫೀಸಿಂದ ಮೆಸೇಜು ಹೋಗತ್ತೆ. ಫಾರಮ್ಮಿನಲ್ಲಿರೋದು ಕರ್ಬಲಾಯಿ ನಂಬರು. ಆ ಮೆಸೇಜು ಅವರಿಗೆ ಹೋಗ್ಲೇಬಾರದು, ಹೋದ್ರೆ ನನ್ ಕತೆ ಮುಗೀತು. ಡಿಗ್ರಿ ಓದಿದೋಳು ನೀನು, ಒಂದ್ ಹೆಸರು ಬರಿಯೋಕೆ ಇಷ್ಟ್ ಯೋಚ್ನೆನಾ?"

ಗಂಡನನ್ನೇ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು, ಕ್ಲಾಸು ತಪ್ಪಿಸಿದ ಸುದ್ದಿ ಗಂಡನಿಗೆ ಗೊತ್ತಾಗಬಾರದು ಎನ್ನುವುದೇಕೆ? ಈ ಪ್ರಶ್ನೆ ನನ್ನ ತಲೆಗೆ ಬಂದದ್ದು ಬಸ್ಸು ಹೊರಟ ಮೇಲೆ. ಆಗಲೇ "ಆಯ್ತು" ಎಂದಾಗಿತ್ತು. ಬೇಡ ಎನ್ನಲು ನಾಲ್ಕು ವಾಕ್ಯ ಬೇಕು, ಹೂಂ ಎನ್ನಲು ತಲೆಯಾಡಿಸಿದರೆ ಸಾಕು. ನನ್ನ ಎಷ್ಟೋ ತಪ್ಪುಗಳು ಹೀಗೇ ಆಗಿವೆ.

ಗುರುವಾರ ಈ ಕೆಲಸ ಸುಲಭವೂ ಆಗಿತ್ತು. ಆ ದಿನ ಹದಿನೆಂಟು ಜನರಲ್ಲಿ ಅರ್ಧ ಜನ ಕೆಳಗೆ ಟೀಚರ್ ಹತ್ತಿರ, ಅರ್ಧ ಜನ ಮಹಡಿಯ ಕಂಪ್ಯೂಟರ್ ಕೋಣೆಯಲ್ಲಿ. ನಡುವೆ ಅದಲುಬದಲು. ಇಲ್ಲಿಲ್ಲದವರು ಅಲ್ಲಿದ್ದಾರೆ ಎಂದು ಎಲ್ಲರೂ ಅಂದುಕೊಳ್ಳುತ್ತಿದ್ದರು. ಹಾಳೆ ಬೆಂಚಿನಿಂದ ಬೆಂಚಿಗೆ ಬರುತ್ತಿತ್ತು. ಖಾಲಾ ಅವರ ಅಕ್ಷರಗಳು ಒಂದೊಂದೂ ಬೇರೆಬೇರೆ ನಿಂತು, ಕೊನೆಗೆ ಬರುವಷ್ಟರಲ್ಲಿ ಮೇಲಕ್ಕೆ ಹತ್ತಿಬಿಡುತ್ತವೆ. ನಾನೂ ಹತ್ತಿಸಿದೆ.

ಆದರೂ ಟೀಚರಿಗೆ ವಾಸನೆ ಹತ್ತಿತು. ನಾಲ್ಕನೆಯ ವಾರದ ಮಂಗಳವಾರ ನಾವು ಒಳಗೆ ಹೋದಾಗ ಹಾಜರಿ ಹಾಳೆ ಬಾಗಿಲ ಪಕ್ಕದ ಮೇಜಿನ ಮೇಲಿತ್ತು. ಪೆನ್ನಿಗೆ ದಾರ ಕಟ್ಟಿತ್ತು. ಟೀಚರ್ ಏಳನೆಯ ನಿಯಮವನ್ನು ಬೋರ್ಡಿನ ಮೇಲೆ ದಪ್ಪಗೆ ಬರೆದು ನಮ್ಮ ಕಡೆ ತಿರುಗಿದರು.

"ಯಾರು ಅಂತ ಕೇಳ್ತಿಲ್ಲ. ಒಂದು ಸಹಿ ಮಂಗಳವಾರ ಒಂಥರಾ ಇದೆ, ಗುರುವಾರ ಇನ್ನೊಂಥರಾ ಇದೆ. ಅಷ್ಟೇ ಹೇಳ್ತೀನಿ. ಈ ಶುಕ್ರವಾರ ಆಫೀಸಿಗೆ ಹೆಸರು ಕೊಡ್ಬೇಕು."

ಚಹದ ಬಿಡುವಿನಲ್ಲಿ ಯಾರೂ ಎಂದಿನಂತೆ ಕೂರಲಿಲ್ಲ; ಖಾಲಾ ಕಪ್ಪು ಹಿಡಿದು ಹೊರಗೆ ಹೋದರು. ದಿನವೂ ತನ್ನ ಡಬ್ಬಿಯಿಂದ ಕಿತ್ತಳೆ ತೊಳೆ ಕೊಡುತ್ತಿದ್ದ ವಿಯೆಟ್ನಾಮಿನ ದರ್ಜಿ ಥಿಯೆಪ್, ನಾನು ಹತ್ತಿರ ಬರುತ್ತಲೇ ಮುಚ್ಚಳ ಹಾಕಿದ. ನಾನು ಡೈರಿ ತೆಗೆದದ್ದೇ ತಡ, ಕುರ್ಚಿಯನ್ನು ಕಿಟಕಿಯ ಕಡೆ ಎಳೆದುಕೊಂಡು ಬೆನ್ನು ತಿರುಗಿಸಿದ.

"ಏ ತಂಗಿ," ದಕ್ಷಿಣ ಸುಡಾನಿನ ಅಬುಕ್ ನನ್ನೆದುರು ಬಂದು ನಿಂತಳು. ಆರಡಿ ಎತ್ತರದ ಹೆಂಗಸು, ಕ್ಲಾಸಿನಲ್ಲಿ ಅವಳ ನಗುವೇ ಜೋರು. ಅಂದು ನಗುತ್ತಿರಲಿಲ್ಲ. "ದಿನಾ ಕೂತ್ಕೊಂಡು ಏನ್ ಬರೀತೀಯ ಅದ್ರಲ್ಲಿ?"

"ಏನಿಲ್ಲ."

"ಏನಿಲ್ದೆ ಇಷ್ಟು ದಪ್ಪ ಪುಸ್ತಕ ತುಂಬಿತಾ? ಎಲ್ಲಿ, ಓದು ನೋಡಣ."

"ನಮ್ಮ ಭಾಷೆಲಿದೆ."

"ಬಲದಿಂದ ಎಡಕ್ಕೆ ಬರೀತಾಳೆ, ನಮಗೆ ತಿಳೀಬಾರ್ದು ಅಂತ," ಎಂದಳು ಅಬುಕ್ ಕೋಣೆಗೆಲ್ಲ ಕೇಳುವಂತೆ. "ಬಾಯಿ ಬಿಡಲ್ಲ, ಕಿವಿ ಮಾತ್ರ ಬಾಗಿಲಷ್ಟು ತೆಗೆದಿರ್ತಾಳೆ."

ಥಿಯೆಪ್ ಕಿಟಕಿಯ ಕಡೆ ನೋಡುತ್ತಲೇ ಹೇಳಿದ: "ನಮ್ಮೂರ ಬೀದೀಲೂ ಒಬ್ಬ ಹಿಂಗೇ ಬರೀತಿದ್ದ ಮಿಸ್. ತುಂಬ ಒಳ್ಳೆಯವನು. ಅವನು ಬರೆದ ಮೇಲೆ ನಮ್ಮಪ್ಪ ನಾಲ್ಕು ವರ್ಷ ಮನೆಗೆ ಬರ್ಲಿಲ್ಲ."

ನನ್ನ ಡೈರಿಯಲ್ಲಿ ಅವನ ಕಿತ್ತಳೆ ತೊಳೆಗಳ ಬಗ್ಗೆ ಒಂದು ಪುಟವಿತ್ತು. ಅದನ್ನು ಹೇಳಬಹುದಿತ್ತು. ಡೈರಿ ಮುಚ್ಚಿ ಚೀಲಕ್ಕೆ ಹಾಕಿದೆ. ಈಗ ಯೋಚಿಸಿದರೆ, ಹಾಗೆ ಮುಚ್ಚಿದ್ದೇ ಅವರಿಗೆ ಸಾಕ್ಷಿಯಾಯಿತು. ತಮಾಷೆಯೆಂದರೆ, ಅವರಿಗೆ ನನ್ನ ಮೇಲಿದ್ದದ್ದು ಚಾಡಿಕೋರಿಯೆಂಬ ಅನುಮಾನ. ಕಳ್ಳಿಯೆಂದು ಒಬ್ಬರಿಗೂ ಹೊಳೆಯಲಿಲ್ಲ.

ಆ ಮಧ್ಯಾಹ್ನ ರೊಟ್ಟಿ ಅಂಗಡಿಯ ಸಾಲಿನಲ್ಲಿ ಕರ್ಬಲಾಯಿ ಸಿಕ್ಕರು. ಎರಡು ಕಾಲ ಮೇಲೂ ಗಟ್ಟಿಯಾಗಿ ನಿಂತು, ಎಂಟು ಬಿಸಿ ನಾನ್‌ಗಳನ್ನು ಮಗುವಿನಂತೆ ಎದೆಗವಚಿಕೊಂಡಿದ್ದರು.

"ಮಂಡಿ ಹೇಗಿದೆ ಕಾಕಾ?"

"ಯಾವ ಮಂಡಿ?"

ನಾನು ಚೀಲದಲ್ಲಿ ಚಿಲ್ಲರೆ ಹುಡುಕತೊಡಗಿದೆ.

"ಗುಲ್‌ಬಖ್ತ್ ಹೇಗ್ ಓದ್ತಿದಾಳಮ್ಮ? ಗುರುವಾರ ಮನೆಗೆ ಬಂದ್ಮೇಲೆ ಮುಖದಲ್ಲಿ ಏನ್ ಖುಷಿ ಅಂತೀಯ. ಅಂಥಾದ್ದೇನ್ ಹೇಳ್ಕೊಡ್ತಾರೆ ಗುರುವಾರ?"

"ವ್ಯಾಕರಣ," ಎಂದೆ.

"ವ್ಯಾಕರಣದಲ್ಲಿ ಅಷ್ಟೊಂದು ಖುಷಿ ಇದೆಯಾ?" ಎಂದು ಅವರು ನನ್ನನ್ನು ಓರೆಗಣ್ಣಿನಿಂದ ನೋಡಿದರು.

ಖಾಲಾ ನನ್ನನ್ನು ಬಳಸಿಕೊಳ್ಳುತ್ತಿದ್ದಾರೆ ಎಂದು ಮೈಯೆಲ್ಲ ಉರಿಯಿತು. ಗುರುವಾರ ಖುಷಿ ಹೊತ್ತು ಮನೆಗೆ ಬರುವ ಐವತ್ತೆರಡರ ಹೆಂಗಸು. ಏನೇನೋ ಕಲ್ಪಿಸಿಕೊಂಡೆ, ಅವನ್ನು ಡೈರಿಗೂ ಹಾಕಲಿಲ್ಲ. ಸೀದಾ ಅವರ ಮನೆಗೆ ಹೋದೆ. ಖಾಲಾ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು.

"ಕಾಕಾ ಮಂಡಿ ಚೆನ್ನಾಗಿದೆ," ಎಂದೆ.

ಖಾಲಾ ಬಟ್ಟೆಯ ಕ್ಲಿಪ್ಪನ್ನು ಬಾಯಿಂದ ತೆಗೆದರು. ಬೇಲಿಯಾಚೆ ನೋಡಿ, ಬಾಗಿಲ ಕಡೆ ನೋಡಿ, ನನ್ನ ತೋಳು ಹಿಡಿದು ಒಣಹಾಕಿದ್ದ ಚಾದರದ ಹಿಂದಕ್ಕೆ ಎಳೆದುಕೊಂಡರು.

"ಕಾರು ಕಲೀತಿದೀನಿ ಕಣೇ."

"ಕಾರಾ?"

"ಮೆಲ್ಲಗೆ! ಕಲಿಸೋ ಹೆಂಗಸಿಗೆ ಬಿಡುವಿರೋದು ಗುರುವಾರ ಬೆಳಿಗ್ಗೆ ಮಾತ್ರ. ಕರ್ಬಲಾಯಿ ಐದ್ ಸಲ ಪರೀಕ್ಷೆಗೆ ಹೋಗಿ ಐದ್ ಸಲಾನೂ ಫೇಲಾಗಿ ಬಂದ್ರು. ಐದನೇ ಸಲ ಮೂರು ದಿನ ಯಾರ ಜೊತೇನೂ ಮಾತಾಡ್ಲಿಲ್ಲ. ಇನ್ನು ನಾನ್ ಕಲೀತಿದೀನಿ ಅಂತ ಗೊತ್ತಾದ್ರೆ ಬೇಡ ಅಂತ ಕೂತ್ಬಿಡ್ತಾರೆ. ಪಾಸಾಗಿ ಕೀಲಿಕೈ ಕೈಲಿ ಹಿಡ್ಕೊಂಡ್ ಹೇಳಿದ್ರೆ ಕತೆನೇ ಬೇರೆ. ಆಗ ಅವರೂ ನನ್ ಪಕ್ಕ ಕೂತ್ಕೊಂಡು ಸಮುದ್ರ ನೋಡೋಕೆ ಬರ್ತಾರೆ."

"ಬೆಳಿಗ್ಗೆ ಟೀಚರ್ ಅಂದದ್ದು ನೀವೂ ಕೇಳಿದ್ರಲ್ಲ ಖಾಲಾ. ಹೆಸರು ಕೊಟ್ಟರೆ ನನ್ನ ಜಾಗ ಹೋಗತ್ತೆ."

ಖಾಲಾ ತಂತಿಯ ಕಡೆ ತಿರುಗಿದರು. ಗಂಡನ ಅಂಗಿಯ ತೋಳನ್ನು ಸುಮ್ಮನೆ ಎಳೆದೆಳೆದು ನೇರ ಮಾಡಿದರು. "ಪರೀಕ್ಷೆ ನಾಡಿದ್ದೇ ಇದೆ," ಎಂದರು ಕೊನೆಗೆ. "ಹತ್ತೂವರೆಗೆ. ಇದೊಂದೇ ಗುರುವಾರ. ಆದ್ರೂ ನಿನಗೆ ಭಯ ಇದ್ರೆ ಬೇಡ ಮಗಳೇ."

ಬೇಡ ಎನ್ನಲು ಮತ್ತೆ ನಾಲ್ಕು ವಾಕ್ಯ ಬೇಕಿತ್ತು. ಮರುದಿನವೇ ಔಷಧಿ ಅಂಗಡಿಯಲ್ಲಿ ನನ್ನ ಕೈ ಹಾಗೆ ಮಾಡಿದ್ದು.

ಗುರುವಾರ ಟೀಚರ್ ಬೋರ್ಡಿನ ಮೇಲೆ ತಾರೀಕು ಬರೆಯಲು ಬೆನ್ನು ತಿರುಗಿಸುವುದನ್ನೇ ಕಾದೆ. ಮೊದಲು ನನ್ನ ಹೆಸರು, ಆಮೇಲೆ ಅವರದು. ದಾರ ಗಿಡ್ಡವಾಗಿತ್ತು, ಕೈ ಬಗ್ಗಿಸಿ ಬರೆಯಬೇಕಾಯಿತು. ತಲೆಯೆತ್ತಿದಾಗ ಥಿಯೆಪ್ ಬಾಗಿಲಲ್ಲಿ ನಿಂತಿದ್ದ. ನೋಡಿದನೋ ಇಲ್ಲವೋ ತಿಳಿಯಲಿಲ್ಲ. "ಗುಡ್ ಮಾರ್ನಿಂಗ್ ಮಿಸ್," ಎಂದು ಪೆನ್ನಿಗೆ ಕೈ ಚಾಚಿದ. ಆ ಗುಡ್ ಮಾರ್ನಿಂಗಿನಲ್ಲಿ ಏನಿತ್ತೆಂದು ಅರ್ಧ ಗಂಟೆ ಯೋಚಿಸಿದೆ.

ಪಾಠ ಶುರುವಾಗುವ ಮೊದಲು ಟೀಚರ್ ಅಬುಕ್‌ಳನ್ನು ಹೊರಗೆ ಕರೆದರು. ಮಹಡಿಯ ಮೇಲಿದ್ದವರಿಗೆ ಹಾಳೆ ಒಯ್ದು ತರುತ್ತಿದ್ದವಳು ಅವಳೇ. "ನಿಮ್ಮೆಲ್ಲರ ಸಹಿ ನಾನೇ ಹಾಕ್ಬಿಡ್ತೀನಿ, ಮಲಗಿ" ಎಂದು ಒಮ್ಮೆ ತಮಾಷೆಗೆ ಅಂದವಳೂ ಅವಳೇ. ಐದು ನಿಮಿಷದ ಮೇಲೆ ಒಳಗೆ ಬಂದವಳ ಮುಖ ಬಿಗಿದಿತ್ತು. ನನ್ನ ಬೆಂಚಿಗೆ ಎರಡು ಕೈಯೂರಿ ಬಗ್ಗಿದಳು.

"ನನ್ ಹೆಸರು ಹೇಳಿದ್ಯಾ?"

ಇಲ್ಲವೆಂದು ತಲೆಯಾಡಿಸಿದೆ.

"ನರ್ಸಿಂಗ್ ಕೋರ್ಸಿಗೆ ಸೇರೋಕೆ ಈ ಕ್ಲಾಸು ಮುಗಿಸ್ಲೇಬೇಕು ನಾನು. ಮೂರು ಮಕ್ಕಳನ್ನ ಶಾಲೆಗೆ ಬಿಟ್ಟು ಓಡೋಡಿ ಬರ್ತೀನಿ. ನಾಳೆ ಸಾಯಂಕಾಲದ ತನಕ ಯೋಚ್ನೆ ಮಾಡಿ ಅಂದ್ರು ನಂಗೆ! ಏನ್ ಯೋಚ್ನೆ ಮಾಡ್ಲಿ? ಮಾಡದೇ ಇರೋದನ್ನ ಮಾಡಿದೀನಿ ಅಂತ ಯೋಚ್ನೆ ಮಾಡ್ಲಾ?"

 ಆಗಲೇ ಹೇಳಬೇಕಿತ್ತು. ಪಾಠ ಮುಗಿದ ಮೇಲೆ ಹೇಳುತ್ತೇನೆ, ಖಾಲಾ ಅವರ ಪರೀಕ್ಷೆ ಮುಗಿದಿರುತ್ತದೆ, ಆಗ ಹೇಳುತ್ತೇನೆ ಎಂದು ಗಡಿಯಾರ ನೋಡುತ್ತ ಕುಳಿತೆ. ಹತ್ತೂ ಇಪ್ಪತ್ತು.

ಬೆಂಕಿಯ ಗಂಟೆ ಹೊಡೆದುಕೊಳ್ಳಲು ಶುರುವಾಯಿತು.

ಅಭ್ಯಾಸದ ಗಂಟೆಯಿರಬೇಕೆಂದು ಮೊದಲು ಯಾರೂ ಏಳಲಿಲ್ಲ. ಟೀಚರ್ ತುರ್ತಿಗೆಂದು ಇಟ್ಟಿದ್ದ ಹಳದಿ ಅಂಗಿ ತೊಟ್ಟು, ಹಾಜರಿ ಹಾಳೆ ಕಿತ್ತುಕೊಂಡು, "ಚೀಲ ಬಿಡಿ, ಏಳಿ, ಏಳಿ" ಎಂದರು. ಕಾರುಗಳು ನಿಲ್ಲುವ ಬಯಲಿಗೆ ಬಂದು ತಿರುಗಿ ನೋಡಿದರೆ ಮಹಡಿಯ ಕಿಟಕಿಯಿಂದ ತೆಳ್ಳನೆ ಬೂದು ಹೊಗೆ. ಕಂಪ್ಯೂಟರ್ ಕೋಣೆಯ ಪಕ್ಕದ ಅಡುಗೆಮನೆಯದು. 

ಟೀಚರ್ ಹೆಸರು ಕೂಗಿದರು. ಒಬ್ಬೊಬ್ಬರೂ "ಇದೀನಿ" ಎಂದರು. ನಾನು ಕೈಯೆತ್ತಿದೆ.

"ಗುಲ್‌ಬಖ್ತ್?"

ಎಲ್ಲರೂ ಸುತ್ತ ನೋಡಿದರು.

"ಗುಲ್‌ಬಖ್ತ್! ಬೆಳಿಗ್ಗೆ ಯಾರಾದ್ರೂ ನೋಡಿದ್ರಾ ಅವರನ್ನ?"

"ಮೇಲೆ ಇರ್ಲಿಲ್ಲ ಅನ್ಸುತ್ತೆ," ಎಂದ ಮಹಡಿಯಿಂದ ಬಂದವರಲ್ಲೊಬ್ಬ. "ಬಾತ್‌ರೂಮಿಗೆ ಹೋಗಿದ್ರೋ ಏನೋ."

ಟೀಚರ್ ಬೆರಳಿನಿಂದ ಮತ್ತೆ ಎಣಿಸಿದರು. ಹದಿನೇಳು ತಲೆ, ಹದಿನೆಂಟು ಸಹಿ. ಕಟ್ಟಡದ ಕಾವಲುಗಾರ ಬಾಗಿಲಿಗೆ ಅಡ್ಡ ನಿಂತಿದ್ದ.

"ಒಳಗೆ ಹೋಗಂಗಿಲ್ಲ ಮೇಡಂ. ಗಾಡಿ ಬರ್ಲಿ."

"ಎಷ್ಟೊತ್ತಿಗೆ ಬರುತ್ತೆ?"

"ಬರ್ತಾ ಇದೆ. ನಿಮ್ಮೋರು ನಿಜವಾಗ್ಲೂ ಒಳಗಿದಾರಾ?"

"ಹಾಳೆಲಿ ಹೆಸರಿದೆ. ನಂಗೂ ಅನುಮಾನ ಇದೆ. ಅನುಮಾನ ನಂಬ್ಕೊಂಡು ಒಬ್ಬ ಹೆಂಗಸನ್ನ ಹೊಗೆಯೊಳಗೆ ಬಿಡೋಕಾಗುತ್ತಾ?" ಟೀಚರ್ ಹಾಳೆಯನ್ನು ಥಿಯೆಪ್ ಕೈಗೆ ತುರುಕಿ, ಕುತ್ತಿಗೆಯ ವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡರು. ಕಾವಲುಗಾರನ ಕೈ ತಳ್ಳಿ ಬಾಗಿಲು ಎಳೆದರು. ಒಳಗಿನ ಗಂಟೆಯ ಸದ್ದು ಒಮ್ಮೆಲೇ ಹೊರಗೆ ನುಗ್ಗಿತು.

ಥಿಯೆಪ್ ಹಾಳೆ ನೋಡಿದ. ಆಮೇಲೆ ನನ್ನನ್ನು ನೋಡಿದ. ಅಬುಕ್ ಅವನನ್ನು ನೋಡಿ, ಅವನ ಕಣ್ಣು ಹೋದ ಕಡೆ ನೋಡಿದಳು.

ನಾನು ಓಡಿದೆ. ಟೀಚರ್ ಒಂದು ಕಾಲು ಒಳಗಿಟ್ಟಿದ್ದರು. ಹಳದಿ ಅಂಗಿಯನ್ನು ಹಿಂದಿನಿಂದ ಹಿಡಿದು ಎಳೆದೆ. ನನ್ನ ಗಂಟಲಿನಿಂದ ಬಂದ ದನಿ ಗಂಟೆಗಿಂತ ಜೋರಾಗಿತ್ತು; ಬಯಲಿನಲ್ಲಿದ್ದವರೆಲ್ಲ ತಿರುಗಿದರು.

"ಖಾಲಾ ಒಳಗಿಲ್ಲ ಟೀಚರ್! ಅವರ ಸಹಿ ಹಾಕಿದ್ದು ನಾನು!"