ಮಡಿಕೋಲು ಮತ್ತು ಹೊಸ ಸ್ವಿಚ್ಚು

ಗಂಗೆಯ ದಡದ ಕೇದಾರ ಘಾಟಿನ ನಮ್ಮ ಮನೆಗೆ ಶ್ರಾದ್ಧಕ್ಕೆಂದು ಬರುವ ಯಾತ್ರಿಕರಿಗೆ ನನ್ನ ಹೆಂಡತಿ ಪದ್ಮಾಬಾಯಿಯದೇ ಅಡುಗೆ. ಮಡಿಯೆಂದು ಒದ್ದೆ ಸೀರೆಯಲ್ಲೇ ಮಾಡುತ್ತಾಳೆ, ಹೇಳಿದರೆ ಕೇಳುವವಳಲ್ಲ. 2006ರ ಪಿತೃಪಕ್ಷದಲ್ಲಿ ಮಿಕ್ಸಿಯ ಪ್ಲಗ್ ಮುಟ್ಟಿ ಶಾಕ್ ಹೊಡೆಸಿಕೊಂಡಳು. ನನ್ನ ಜೀವವೇ ಹಾರಿಹೋಯಿತು. ಮರುದಿನವೇ ವೈರಿಂಗ್ ಮಾಡುವ ಬಿಜ್ಲಿ ಮಿಸ್ತ್ರಿಯನ್ನು ಕರೆಸಿ, ತೂತುಗಳಿಗೆ ಮುಚ್ಚಳವಿರುವ, ಸ್ವಿಚ್ ಹಾಕಿದರಷ್ಟೇ ಕರೆಂಟು ಬರುವ ಸಾಕೆಟ್ ಕೂರಿಸಿದೆ.

ಮಿಸ್ತ್ರಿ ಹೋದದ್ದೇ ತಡ, ಇವಳು ಗಂಗಾಜಲದ ತಂಬಿಗೆ ಹಿಡಿದು ಬಂದಳು.

“ಬಜಾರಿಂದ ಬಂದದ್ದು, ಪ್ರೋಕ್ಷಣೆ ಮಾಡ್ಬೇಡ್ವಾ?”

“ಕರೆಂಟಿಗೆ ನೀರು ಹಾಕ್ತೀಯೇನೇ!” ಎಂದು ಕೂಗಿ ತಂಬಿಗೆ ಕಿತ್ತುಕೊಂಡೆ.

ಮುಖ ಊದಿಸಿಕೊಂಡವಳು ಮಡಿಬಟ್ಟೆ ಎತ್ತುವ ಬಿದಿರುಕೋಲು ತಂದು, ದೂರ ನಿಂತು, ಅದರ ತುದಿಯಿಂದ ಸ್ವಿಚ್ ಒತ್ತಿದಳು. ಒಣ ಬಿದಿರು! ಶಾಕಿನ ಭಯವೇ ಇಲ್ಲ. ಖುಷಿಯಲ್ಲಿ ಪಕ್ಕದಲ್ಲೇ ಮೊಳೆ ಹೊಡೆದು ಕೋಲನ್ನು ನೇತುಹಾಕಿದೆ.

“ಸ್ನಾನ ಇಲ್ದೆ ಮುಟ್ಟಿದ್ರಾ?” ಎಂದವಳೇ ಕೋಲನ್ನು ಬಕೆಟ್ಟಿನ ನೀರಿಗೆ ಅದ್ದಿದಳು.

ಒದ್ದೆ ಕೋಲನ್ನು ನಾನು ಸ್ವಿಚ್ಚಿನ ಹತ್ತಿರ ಬಿಡಲಿಲ್ಲ; ಒಣಗಿದರೂ ಇವಳು ಮತ್ತೆ ಅದ್ದುವವಳೇ. ಅಂದಿನಿಂದ ದಿನವೂ ಗಂಗೆಯಲ್ಲಿ ಮುಳುಗೆದ್ದು, ಒಣಗಿದ ರೇಷ್ಮೆಯ ಮಡಿಬಟ್ಟೆ, ಮಗುಟ ಉಟ್ಟು, ಸ್ವಿಚ್ ಹಾಕಲು ನಾನೇ ಅಡುಗೆಮನೆಗೆ ಹೋಗುತ್ತೇನೆ. ನೀರು ತೊಟ್ಟಿಕ್ಕುವ ಸೀರೆಯಲ್ಲಿ ನಿಂತು ಅವಳು ದಿನವೂ ಗದರುತ್ತಾಳೆ:

“ಕೈ ಒರೆಸ್ಕೊಂಡ್ರಾ?”