ಆರು ಗ್ರಾಂ ಉಪ್ಪು

ಬುಧವಾರ ಸಂಜೆ ಐದು ಮುಕ್ಕಾಲಿಗೆ, ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ, ಯಾರ ಬಲವಂತವೂ ಇಲ್ಲದೆ, ಪೂರ್ಣ ಸ್ವಬುದ್ಧಿಯಿಂದ ತಕ್ಕಡಿ ಸಾಹೇಬರು ನಾಲ್ಕುನೂರು ಗ್ರಾಂ ತೋಫು ಕೊಂಡರು. ಇದನ್ನು ಇಷ್ಟು ಗಂಭೀರವಾಗಿ ದಾಖಲಿಸುವುದಕ್ಕೆ ಕಾರಣವಿದೆ. ಐವತ್ತನಾಲ್ಕು ವರ್ಷದ ಜೀವಮಾನದಲ್ಲಿ ಸಾಹೇಬರು ತಮ್ಮ ಕೈಯಾರೆ ಬೇಯಿಸಿದ ಪದಾರ್ಥಗಳು ಎರಡೇ: ಅನ್ನ ಮತ್ತು ಮೊಟ್ಟೆ. ಎರಡೂ ಸಾಹೇಬರ ನೆರವಿಲ್ಲದೆಯೂ ಬೇಯುವಂಥವು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷಿಸುವುದು, ತೂಕದ ಬಟ್ಟುಗಳನ್ನು ತೂಗಿ ನೋಡಿ ಮುದ್ರೆ ಒತ್ತುವುದು, ಸುಳ್ಳು ತೂಕವಾದರೆ ಜಪ್ತಿ ಮಾಡುವುದು ಅವರ ಕೆಲಸ. ಇಪ್ಪತ್ತೆಂಟು ವರ್ಷದಿಂದ ಇದನ್ನೇ ಮಾಡುತ್ತಿದ್ದುದರಿಂದ ಅವರು ಯಾವ ಅಂಗಡಿಗೆ ಕಾಲಿಟ್ಟರೂ ಮಾತು ನಿಂತುಹೋಗುತ್ತಿತ್ತು. ಸೋಪು ಕೊಳ್ಳಲು ಹೋದರೂ ಅಷ್ಟೆ, ನಿಂಬೆಹಣ್ಣು ಕೊಳ್ಳಲು ಹೋದರೂ ಅಷ್ಟೆ. ಎಲ್ಲರೂ ಹಲ್ಲು ಕಾಣುವಷ್ಟು ನಗುತ್ತಿದ್ದರು. ಯಾರೂ ಕುಳಿತುಕೊಳ್ಳಿ ಎನ್ನುತ್ತಿರಲಿಲ್ಲ.

"ಇದೇನ್ರೀ, ಸುಣ್ಣದ ಗಟ್ಟಿ ಇದ್ದ ಹಾಗಿದೆ?" ಎಂದು ಬುಧವಾರ ಸಾಹೇಬರು ಅಂಗಡಿಯ ಗಾಜಿನ ಪೆಟ್ಟಿಗೆಯ ಕಡೆ ಬೆರಳು ತೋರಿಸಿದ್ದರು.

"ತೋಫು ಸಾರ್. ಸೋಯಾ ಹಾಲು ಒಡೆಸಿ ಗಟ್ಟಿ ಮಾಡಿದ್ದು. ಹಸುವಿನ ಹಾಲಿನ ಸೋಂಕೂ ಇಲ್ಲ."

"ರುಚಿ?"

"ಅದಕ್ಕೆ ಸ್ವಂತ ರುಚಿ ಅಂತ ಇಲ್ಲ ಸಾರ್. ಯಾರ ಜೊತೆ ಸೇರಿಸ್ತೀರೋ ಅವರ ಹಾಗೇ ಆಗುತ್ತೆ. ಥೇಟ್ ನಮ್ಮ ಅಳಿಯ." ಅಂಗಡಿಯವನು ತನ್ನ ಹಾಸ್ಯಕ್ಕೆ ತಾನೇ ಹೆದರಿ ಒಂದು ತುಂಡು ಕತ್ತರಿಸಿ ತಕ್ಕಡಿಗೆ ಹಾಕಿದ. ನಾಲ್ಕುನೂರ ಹತ್ತು ತೋರಿಸಿತು. "ಹತ್ತು ಗ್ರಾಂ ಹೆಚ್ಚಿಗೆ ಇರ್ಲಿ ಬಿಡಿ ಸಾರ್."

"ತೆಗೀರಿ."

ಅಂಗಡಿಯವನು ಹತ್ತು ಗ್ರಾಂ ಹೆರೆದು ತೆಗೆದ. ಪಕ್ಕದಲ್ಲಿದ್ದ ಇಬ್ಬರು ಗಿರಾಕಿಗಳು, ಅಂದರೆ ಮೇಲೆ ಹೇಳಿದ ಸಾಕ್ಷಿಗಳು, ಮುಖ ಮುಖ ನೋಡಿಕೊಂಡರು.

ತೋಫು ಬೇಕಾಗಿದ್ದು ಅಕ್ಕನಿಗಾಗಿ. ಅಕ್ಕನಿಗೆ ಹಾಲು, ಮೊಸರು ಯಾವುದೂ ಆಗಿಬರುತ್ತಿರಲಿಲ್ಲ. ಸಾಹೇಬರಿಗೆ ಮದುವೆಯಾಗಿರಲಿಲ್ಲ, ತಾಯಿ ಬದುಕಿರುವ ತನಕ ತಾಯಿ ಬೇಯಿಸಿ ಹಾಕಿದಳು. ಕೊನೆಯ ದಿನ ಆಕೆ ಮಗಳ ಕೈ ಹಿಡಿದು, "ಇವನ ಊಟದ್ದೊಂದು ನೋಡ್ಕೋ," ಎಂದಷ್ಟೇ ಹೇಳಿ ಕಣ್ಣು ಮುಚ್ಚಿದಳು. ಅಂದಿನಿಂದ ಒಂಬತ್ತು ವರ್ಷ, ಪ್ರತಿ ಶನಿವಾರ ಸಂಜೆ, ಅಕ್ಕ ಎರಡು ಬಸ್ಸು ಬದಲಾಯಿಸಿ, ಮೂರು ಮಹಡಿ ಹತ್ತಿ, ಮೂರು ಡಬ್ಬಿ ಹೊತ್ತು ಬರುತ್ತಿದ್ದಳು. ಒಂದರಲ್ಲಿ ಅನ್ನ, ಒಂದರಲ್ಲಿ ತರಕಾರಿ, ಮೂರನೆಯದರಲ್ಲಿ ಸಿಹಿ. ಬುದ್ಧಿವಾದಕ್ಕೆ ಡಬ್ಬಿ ಬೇಕಾಗುತ್ತಿರಲಿಲ್ಲ. ಕಿಟಕಿ ಯಾಕೆ ಒರೆಸಿಲ್ಲ, ಅಂಗಿಯ ಕಾಲರು ಯಾಕೆ ಹೀಗಾಗಿದೆ, ಇಷ್ಟು ಸಣ್ಣಗಾದರೆ ಹೇಗೆ, ಇಷ್ಟು ದಪ್ಪಗಾದರೆ ಹೇಗೆ. ಎರಡು ಗಂಟೆ ಆ ಎರಡು ಕೋಣೆಯ ಮನೆ ಗಿಜಿಗುಡುತ್ತಿತ್ತು. ಉಳಿದ ಆರು ದಿನ ಅಲ್ಲಿ ಗಡಿಯಾರ ಬಿಟ್ಟರೆ ಮಾತನಾಡುವವರಿರಲಿಲ್ಲ.

ಸಾಹೇಬರು ತಾವೇ ಅಕ್ಕನ ಮನೆಗೆ ಹೋಗಬಹುದಿತ್ತಲ್ಲ ಎಂದರೆ, ಆ ದಾರಿ ಅವರೇ ಮುಚ್ಚಿಕೊಂಡದ್ದು. ಇಪ್ಪತ್ತು ವರ್ಷದ ಹಿಂದೆ ಭಾವನ ದಿನಸಿ ಅಂಗಡಿಗೆ ತಪಾಸಣೆಗೆ ಹೋದಾಗ, ಒಂದು ಕಿಲೋ ಬಟ್ಟಿನ ತಳದಲ್ಲಿ ಐವತ್ತು ಗ್ರಾಂ ಕೊರೆದು ತೆಗೆದಿದ್ದು ಕಂಡಿತ್ತು. ಭಾವ, "ಮನೆಯವನೇ ಅಲ್ವೇನಯ್ಯಾ," ಎಂದಿದ್ದ. ಸಾಹೇಬರು ತಕ್ಕಡಿ ಸಮೇತ ಜಪ್ತಿ ಮಾಡಿದ್ದರು. ಅಂದಿನಿಂದ ಭಾವ ಅವರ ಹೆಸರು ಕೇಳಿದರೆ ಉಣ್ಣುವ ತಟ್ಟೆ ಬಿಟ್ಟು ಏಳುತ್ತಿದ್ದ.

ಕಳೆದ ಶನಿವಾರ ಅಕ್ಕ ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದಳು. ಸಾಹೇಬರು ಇಳಿದು ಬಂದು ನೋಡಿದರೆ ಮಂಡಿ ಹಿಡಿದುಕೊಂಡು, ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾಳೆ.

"ಏನಾಯ್ತೇ?"

"ಏನಾಗ್ಬೇಕು, ಅರವತ್ತೆರಡಾಯ್ತು. ಲೋ ಪುಟ್ಟ, ಒಂದೇ ಒಂದು ದಿನ, ನಿನ್ನ ಕೈಯಾರೆ ನೆಟ್ಟಗೆ ಒಂದು ಅಡುಗೆ ಮಾಡಿ ನಂಗೆ ಬಡಿಸು. ಅವತ್ತಿಗೆ ಅಮ್ಮಂಗೆ ಕೊಟ್ಟ ಮಾತು ತೀರಿತು ಅಂದ್ಕೊಳ್ತೀನಿ."

"ಅಷ್ಟೇನಾ? ಮುಂದಿನ ಶನಿವಾರವೇ ಬಾ. ಡಬ್ಬಿ ತರಬೇಡ."

"ಬೆಂಕಿಪೆಟ್ಟಿಗೆ ಎಲ್ಲಿದೆ ಅಂತಾದ್ರೂ ಗೊತ್ತಾ ನಿಂಗೆ?"

ಈ ಮಾತು ಸಾಹೇಬರಿಗೆ ನಾಟಿತು. ಅವಳ ಮೊದಲಿನ ಮಾತಿನ ಅರ್ಥ ಆಗ ನಾಟಿರಲಿಲ್ಲ.

ಹೀಗಾಗಿ ಬುಧವಾರ ತೋಫು. 'ಹದಿನೈದು ನಿಮಿಷದ ರುಚಿಕಟ್ಟು ಊಟ' ಎಂಬ ಪತ್ರಿಕೆಯ ತುಣುಕನ್ನು ಸಾಹೇಬರು ಗೋಡೆಗೆ ಅಂಟಿಸಿದರು. ಓದುತ್ತ ಓದುತ್ತ ಅವರ ಹುಬ್ಬು ಗಂಟಿಕ್ಕಿತು. ಶುಂಠಿ ಸ್ವಲ್ಪ. ಎಣ್ಣೆ ಬೇಕಾದಷ್ಟು. ಉಪ್ಪು ರುಚಿಗೆ ತಕ್ಕಷ್ಟು. ಯಾರ ರುಚಿಗೆ? ಬರೆದವಳ ಮೇಲೆ ಒಂದು ನೋಟಿಸು ಜಾರಿ ಮಾಡಬೇಕು ಎನ್ನಿಸಿತು. ಕೊನೆಗೆ ಕಚೇರಿಯಿಂದ ತಾವು ಮನೆಗೆ ತಂದಿಟ್ಟುಕೊಂಡಿದ್ದ ಹಳೆಯ ಸಣ್ಣ ತಕ್ಕಡಿಯನ್ನು ಒರೆಸಿ ಒಲೆಯ ಪಕ್ಕ ಇಟ್ಟುಕೊಂಡರು.

ದಿನಕ್ಕೆ ನಾಲ್ಕುನೂರು ಗ್ರಾಂ ಹೊಸ ತೋಫು ತಂದು ಮೂರು ದಿನ ಮೂರು ಸಲ ಮಾಡಿದರು. ಮೊದಲ ದಿನ ತೋಫು ಬಾಣಲೆಗೆ ಬಿದ್ದೊಡನೆ ನೀರು ಬಿಟ್ಟು, ಸಿಡಿದು, ಪುಡಿಪುಡಿಯಾಯಿತು. ಎರಡನೆಯ ದಿನ ಬುದ್ಧಿ ಬಂದು, ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ತಟ್ಟೆ ಮುಚ್ಚಿ, ಮೇಲೆ ಎರಡು ಕಿಲೋ ಕಬ್ಬಿಣದ ಬಟ್ಟು ಇಟ್ಟರು. ಇಪ್ಪತ್ತು ನಿಮಿಷಕ್ಕೆ ಬಟ್ಟೆ ತೊಯ್ದು ತೊಪ್ಪೆಯಾಗಿ, ತೋಫು ಬಿಗಿಯಾಗಿ ಕುಳಿತಿತ್ತು. ಸರ್ಕಾರಿ ಮುದ್ರೆ ಬಿದ್ದ ಭಾರದ ಕೆಳಗೆ ಒತ್ತಿದ ತೋಫು ಜಗತ್ತಿನಲ್ಲಿ ಬೇರೆ ಇರಲಾರದು.

ರುಚಿ ನೋಡಲು ಕೆಳಗಿನ ಮನೆಯ ಟೈಲರನ್ನು ಕರೆದರು. ಸಾಹೇಬರಿಗೆ ಹೆದರದ ಏಕೈಕ ವ್ಯಾಪಾರಿ ಆತ. ಅವನ ಅಳತೆಪಟ್ಟಿ ಅರ್ಧ ಇಂಚು ಎಳೆದುಹೋಗಿದ್ದನ್ನು ಸಾಹೇಬರು ಕಂಡೂ ಕೇಳಿರಲಿಲ್ಲ; ಅವರ ವೃತ್ತಿಜೀವನದ ಒಂದೇ ರಿಯಾಯಿತಿ ಅದು. ಗುರುವಾರ ನಾಲ್ಕು ಗ್ರಾಂ ಉಪ್ಪಿಗೆ ಟೈಲರು, "ಸಪ್ಪೆ," ಎಂದ. ಶುಕ್ರವಾರ ಆರು ಗ್ರಾಂ. ಟೈಲರು ಒಂದು ತುಂಡು ಬಾಯಿಗಿಟ್ಟ. ಇನ್ನೊಂದು ಇಟ್ಟ. ಆಮೇಲೆ ತಟ್ಟೆಯನ್ನೇ ಹತ್ತಿರ ಎಳೆದುಕೊಂಡ.

"ಹೇಗಿದೆ?"

"ಸಾಹೇಬ್ರೇ, ತಪ್ಪು ತಿಳ್ಕೋಬೇಡಿ. ಇಷ್ಟು ಚೆನ್ನಾಗಿ ಮಾಡ್ಬಾರ್ದು."

"ಅಂದ್ರೆ?"

"ನಿಮ್ಮಕ್ಕ ಯಾಕ್ ಬರ್ತಾರೆ ಪ್ರತಿ ಶನಿವಾರ? ನಿಮಗೆ ಬೇಯಿಸ್ಕೊಳ್ಳೋಕೆ ಬರಲ್ಲ ಅಂತ. ಇದನ್ನ ತಿಂದ್ಮೇಲೆ ಯಾಕ್ ಬರ್ತಾರೆ?" ಟೈಲರು ಬೆರಳು ನೆಕ್ಕಿದ. "ನಾನು ಯಾವ ಗಿರಾಕಿಗೂ ಪೂರ್ತಿ ಸರಿಯಾಗಿ ಹೊಲ್ಕೊಡಲ್ಲ. ಒಂದು ಗುಂಡಿ ಸಡ್ಲ ಬಿಡ್ತೀನಿ. ಅದು ಕಿತ್ಹೋದಾಗ ಬರ್ತಾರೆ, ಕೂತ್ಕೋತಾರೆ, ನಾಲ್ಕು ಬೈತಾರೆ. ಅಂಗಡಿ ಅಂದ್ರೆ ಮತ್ತೇನು?"

"ಅದು ಮೋಸ."

"ಮೋಸಾನೇ. ಆದ್ರೆ ನನ್ನಂಗಡೀಲಿ ದಿನಾ ಜನ ಇರ್ತಾರೆ," ಎಂದು ಟೈಲರು ತಟ್ಟೆ ಖಾಲಿ ಮಾಡಿ ಕೆಳಗಿಳಿದ.

ಸಾಹೇಬರಿಗೆ ಆಗ ಆ ಮೆಟ್ಟಿಲ ಮೇಲಿನ ಮಾತು ಪೂರ್ತಿಯಾಗಿ ಕೇಳಿಸಿತು. ಮಾತು ತೀರಿತು ಅಂದ್ಕೊಳ್ತೀನಿ. ಅವರು ಬಹಳ ಹೊತ್ತು ಬಾಣಲೆ ಉಜ್ಜುತ್ತ ನಿಂತರು. ಅದು ಆಗಲೇ ಶುಚಿಯಾಗಿತ್ತು.

ಶನಿವಾರ ನಾಲ್ಕೂವರೆಗೆ ಎಲ್ಲವೂ ಸಾಲಾಗಿ ಸಿದ್ಧವಾಗಿತ್ತು. ಒತ್ತಿದ ತೋಫುವನ್ನು ಅಡಿಕೋಲು ಹಿಡಿದು ಎರಡೆರಡು ಸೆಂಟಿಮೀಟರಿಗೆ ಕತ್ತರಿಸಿ, ಮೆಕ್ಕೆಜೋಳದ ಹಿಟ್ಟು ಉದುರಿಸಿ, ತುಂಡುಗಳು ಒಂದಕ್ಕೊಂದು ತಾಕದ ಹಾಗೆ ಇಟ್ಟಿದ್ದರು. ಬೆಳ್ಳುಳ್ಳಿ ಎಂಟು ಗ್ರಾಂ, ಶುಂಠಿ ಹತ್ತು, ಒಡೆದ ಕಾಳುಮೆಣಸು ಎರಡು. ಈರುಳ್ಳಿ, ದಪ್ಪ ಮೆಣಸಿನಕಾಯಿ, ಅರ್ಧ ನಿಂಬೆಹಣ್ಣು. ಕಡೆಯ ಬಟ್ಟಲಿನಲ್ಲಿ ಉಪ್ಪು, ಆರು ಗ್ರಾಂ.

ಅಕ್ಕ ಬಾಗಿಲು ತಟ್ಟಿದ ಮೇಲೆಯೇ ಒಲೆ ಹಚ್ಚಿದರು, ಬಿಸಿಬಿಸಿಯಾಗಿ ಬಡಿಸಬೇಕೆಂದು. ಬರಿಗೈಯಲ್ಲಿ ಬಂದ ಅಕ್ಕ ಬೇರೆ ಯಾರೋ ಬಂದಂತೆ ಕಂಡಳು. ಕೈ ಎಲ್ಲಿಡಬೇಕೆಂದು ತೋಚದೆ ಕುರ್ಚಿಯ ಬೆನ್ನು ಹಿಡಿದು ನಿಂತು, ಆಮೇಲೆ ಕುಳಿತು, ಕಾಲು ಚಾಚಿ, "ಉಸ್ಸಪ್ಪಾ," ಎಂದಳು. ಕಿಟಕಿಯ ಬಗ್ಗೆ ಏನೂ ಹೇಳಲಿಲ್ಲ.

ಎಣ್ಣೆ ಕಾದಿತು. ತೋಫು ತುಂಡುಗಳನ್ನು ಇಳಿಬಿಟ್ಟು ಸಾಹೇಬರು ಮುಟ್ಟದೆ ಕಾದರು. ಮೂರು ದಿನದಲ್ಲಿ ಕಲಿತದ್ದು ಇಷ್ಟು: ಅವಸರದಲ್ಲಿ ಕೆದಕಿದರೆ ತಳ ಹಿಡಿದು ಹರಿಯುತ್ತದೆ, ಸುಮ್ಮನೆ ಬಿಟ್ಟರೆ ಕೆಂಪಗಾಗಿ ತಾನೇ ಬಾಣಲೆ ಬಿಡುತ್ತದೆ. ಎಲ್ಲ ಮಗ್ಗುಲೂ ಕೆಂಪಾದ ಮೇಲೆ ತೆಗೆದಿಟ್ಟು, ಅದೇ ಎಣ್ಣೆಗೆ ಬೆಳ್ಳುಳ್ಳಿ, ಶುಂಠಿ ಹಾಕಿದರು. ಘಮ ಹೊರಗಿನ ಕೋಣೆಗೆ ಹೋಗಿ ಅಕ್ಕನನ್ನು ತಲುಪಿತು.

"ಪಕ್ಕದ ಮನೇಲಿ ಏನೋ ಜೋರಾಗಿ ನಡೀತಿದೆ ಕಣೋ!"

"ಇದೇ ಮನೇದು."

"ಸುಳ್ಳು ಹೇಳ್ಬೇಡ!"

ಈರುಳ್ಳಿ ಬಿತ್ತು, ಮೆಣಸಿನಕಾಯಿ ಬಿತ್ತು, ತೋಫು ಮರಳಿ ಬಂದು ಸೇರಿತು, ಕಾಳುಮೆಣಸು ಉದುರಿತು. ಸಾಹೇಬರು ಉಪ್ಪಿನ ಬಟ್ಟಲು ಎತ್ತಿಕೊಂಡರು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸುಳ್ಳು ತೂಕವನ್ನೂ ಅವರು ಪಾಸು ಮಾಡಿರಲಿಲ್ಲ. ಬಾಣಲೆ ಚರಚರ ಎನ್ನುತ್ತಿತ್ತು. ಅವರು ಒಮ್ಮೆ ಹೊರಗಿನ ಕೋಣೆಯ ಕಡೆ ತಿರುಗಿ ನೋಡಿ, ಬಟ್ಟಲಿನ ಉಪ್ಪನ್ನು ಸದ್ದಾಗದಂತೆ ಡಬ್ಬಿಗೆ ವಾಪಸು ಸುರಿದರು. ಒಲೆ ಆರಿಸಿ ನಿಂಬೆ ಹಿಂಡಿದರು.

ಇನ್ನು ಅಕ್ಕ ಬೈಯಬೇಕು, ಅಷ್ಟೆ. ಉಪ್ಪಿಲ್ಲದ ಅಡುಗೆ ಅವಳ ಕಣ್ಣಲ್ಲಿ ಕ್ಷಮಿಸುವ ಅಪರಾಧವಲ್ಲ. ಒಂದು ಚಿಟಿಕೆ ಹೆಚ್ಚುಕಡಿಮೆಗೆ ಭಾವನ ತಂಗಿಯನ್ನು ಹತ್ತು ವರ್ಷ ಆಡಿಕೊಂಡವಳು ಅವಳು. "ಅಯ್ಯೋ ಮಂಕೇ, ನಿಂಗೆ ಈ ಜನ್ಮದಲ್ಲಿ ಬರಲ್ಲ," ಎನ್ನುತ್ತಾಳೆ, ಮುಂದಿನ ಶನಿವಾರ ಮೂರು ಡಬ್ಬಿ ಹೊತ್ತು ಬರುತ್ತಾಳೆ.

ಬಿಳಿ ಅನ್ನ, ಅದರ ಪಕ್ಕ ಹೊಂಬಣ್ಣದ ತೋಫು. ನೋಡಲು ಪತ್ರಿಕೆಯ ಚಿತ್ರಕ್ಕಿಂತ ಚೆನ್ನಾಗಿತ್ತು. ಅಕ್ಕ ಒಂದು ತುಂಡು ಬಾಯಿಗಿಟ್ಟಳು. ಅಗಿದಳು. ಅಗಿಯುವುದು ಅರ್ಧದಲ್ಲಿ ನಿಂತಿತು.

ಅವಳ ಬಲಗೈ ಮೇಜಿನ ನಡುವಿದ್ದ ಉಪ್ಪಿನ ಡಬ್ಬಿಯ ಕಡೆ ಹೊರಟಿತು. ನಡುದಾರಿಯಲ್ಲಿ ತಡೆದು, ಬದಿಗೆ ಸರಿದು, ನೀರಿನ ಲೋಟ ಹಿಡಿಯಿತು. ಬೇರೆ ಯಾರಾದರೂ ಆಗಿದ್ದರೆ ಗಮನಿಸುತ್ತಿರಲಿಲ್ಲ. ಆದರೆ ಅಂಗಡಿಯವರ ಬೆರಳುಗಳನ್ನು ನೋಡೀ ನೋಡೀ ಪಳಗಿದ ಕಣ್ಣು ಸಾಹೇಬರದು.

"ಹೇಗಿದೆ?" ಎಂದರು.

ಅಕ್ಕ ನೀರು ಕುಡಿದು ಲೋಟ ಇಟ್ಟಳು. "ಭಲೇ! ಎಷ್ಟು ಮೆತ್ತಗಿದೆಯೋ. ಮೇಲೆ ಗರಿಗರಿ, ಒಳಗೆ ಮೆತ್ತಗೆ."

"ಏನಾದ್ರೂ ಕಮ್ಮಿ ಇದ್ಯಾ?"

"ಏನೂ ಕಮ್ಮಿ ಇಲ್ಲ."

"ಉಪ್ಪು?"

"ಉಪ್ಪೂ ಸರಿಯಾಗಿದೆ," ಎಂದಳು ಅಕ್ಕ, ತಟ್ಟೆಯಿಂದ ಕಣ್ಣೆತ್ತದೆ.

ಸಾಹೇಬರು ಬಾಯಿ ತೆರೆದರು. ಅಕ್ಕನ ಎಡಗೈ ಮೇಜಿನ ಕೆಳಗೆ ಮಂಡಿಯನ್ನು ನೀವುತ್ತಿತ್ತು. ಬಂದಾಗಿನಿಂದ ನೀವುತ್ತಲೇ ಇತ್ತು. ಪಾದ ಊದಿ ಚಪ್ಪಲಿಯ ಪಟ್ಟಿಯ ಗುರುತು ಆಳವಾಗಿ ಬಿದ್ದಿತ್ತು. ಸಾಹೇಬರು ಬಾಯಿ ಮುಚ್ಚಿ, ತಾವೂ ಒಂದು ತುಂಡು ತಿಂದರು. ಅಷ್ಟು ಸಪ್ಪೆಯಾದದ್ದನ್ನು ಅವರು ಹುಟ್ಟಿದಾಗಿನಿಂದ ತಿಂದಿರಲಿಲ್ಲ.

"ಇನ್ನೊಂದ್ಚೂರು ಹಾಕ್ಲಾ?"

ಅಕ್ಕ ತಟ್ಟೆಯನ್ನು ಮುಂದಕ್ಕೆ ಸರಿಸಿದಳು. "ಹಾಕು. ಕೈ ಬಿಗಿ ಹಿಡೀಬೇಡ, ಧಾರಾಳವಾಗಿ ಹಾಕು. ಅಮ್ಮ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ಳೋ."

ಇಬ್ಬರೂ ಬಾಣಲೆ ಬರಿದಾಗುವ ತನಕ ತಿಂದರು. ಉಪ್ಪಿನ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ.

ಆರೂವರೆಯ ಬಸ್ಸಿಗೆ ಸಾಹೇಬರು ಜೊತೆಗೆ ಹೋದರು. ಮೆಟ್ಟಿಲಿಳಿಯುವಾಗ ಅಕ್ಕ ಪ್ರತಿ ಮೆಟ್ಟಿಲಿಗೂ ಎರಡು ಕಾಲು ಕೂಡಿಸಿ ನಿಂತು, ಮತ್ತೆ ಇಳಿಯುತ್ತಿದ್ದಳು. ಟೈಲರ ಅಂಗಡಿಯಲ್ಲಿ ಯಾರೋ ಗುಂಡಿ ವಿಷಯಕ್ಕೆ ಜಗಳ ತೆಗೆದಿದ್ದರು; ಟೈಲರು ಸಂತೋಷವಾಗಿ ಬೈಸಿಕೊಳ್ಳುತ್ತಿದ್ದ. ನಿಲ್ದಾಣದಲ್ಲಿ ಅಕ್ಕ ತಮ್ಮನ ಕಾಲರು ಸರಿಮಾಡಿ, "ಇನ್ನು ನಿನ್ನ ಚಿಂತೆ ಇಲ್ಲ ಬಿಡು ಪುಟ್ಟ. ಆಗಾಗ ಫೋನು ಮಾಡು. ನಿಮ್ಮ ಭಾವ ಅಂಗಡಿಗೆ ಹೋದ್ಮೇಲೆ, ಹತ್ತು ಗಂಟೆ ನಂತರ," ಎಂದಳು.

"ಹ್ಞೂಂ," ಎಂದರು ಸಾಹೇಬರು.

ಬಸ್ಸು ಬಂತು. ಅವಳು ಕಂಬಿ ಹಿಡಿದು ಹತ್ತಿ, ಕಿಟಕಿಯ ಬದಿ ಸೀಟು ಸಿಕ್ಕಿತೆಂದು ಕೈಯಾಡಿಸಿದಳು.

ಮುಂದಿನ ಶನಿವಾರ ಅಕ್ಕ ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ.