ಒತ್ತಿಟ್ಟ ಗುಂಡಿ

ದೊಡ್ಡಣ್ಣ ಆಂಪ್ಲಿಫೈಯರಿನ ಮೇಲಿದ್ದ ಹೊದಿಕೆಯನ್ನು ಎರಡೇ ಬೆರಳಲ್ಲಿ ಎತ್ತಿ ಪಕ್ಕದ ಕುರ್ಚಿಗೆ ಎಸೆದ.

"ಇದಕ್ಕೂ ಅಂಗಿ ಹೊಲಿದು ತೊಡಿಸಿದ್ದಾಳೆ ನೋಡಿ, ಮಂಕುದಿಣ್ಣೆ," ಎಂದ. ಅವನ ದನಿ ಎಂದಿನಂತೆ ದೊಡ್ಡದೇ.

ನಡುಮನೆಯಲ್ಲಿ ಕೂತಿದ್ದವರು ಸಣ್ಣಗೆ ನಕ್ಕರು. ಸಾವಿನ ಮನೆಯಲ್ಲಿ ಬೇರೆ ಯಾರಾದರೂ ಮೊದಲು ನಗಲಿ ಎಂದು ಕಾಯುತ್ತಿದ್ದವರ ನಗು ಅದು. ಪರದೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಊರವರ ಕಿಟಕಿಗಳಿಗೆಲ್ಲ ಪರದೆ ಹೊಲಿದವಳು ಈಗ ಬಿಳಿ ಬಟ್ಟೆ ಹೊದ್ದು ಮಂಚದ ಮೇಲೆ ಮಲಗಿದ್ದಳು. ನಗುವವರ ಕಡೆ ಅವಳು ತಿರುಗುವಂತಿರಲಿಲ್ಲ.

ಶವ ಒಯ್ಯುವ ಗಾಡಿ ಬರುವುದು ತಡವೆಂದು ಫೋನು ಬಂದಿತ್ತು. "ಅಲ್ಲೀವರೆಗೆ ಅಮ್ಮನಿಗೆ ಇಷ್ಟವಾದದ್ದನ್ನ ಸಣ್ಣಗೆ ಹಾಕೋಣ," ಎಂದವಳು ಮಗಳು. ಹೇಳಿದ್ದು ಅಪ್ಪನಿಗೆ, ಎದ್ದದ್ದು ಸೋದರಮಾವ. ಸಂಗೀತದ ಮಾತು ಬಂದರೆ ಆ ಮನೆತನದಲ್ಲಿ ಮೊದಲು ಏಳುವವನು ಅವನೇ. ತೀರಿಹೋದವಳ ಒಡಹುಟ್ಟಿದ ಅಣ್ಣ, ಬಂಧುಬಳಗಕ್ಕೆಲ್ಲ ದೊಡ್ಡಣ್ಣ. ಎಲ್ಲಿ ಸಂಗೀತವಿದ್ದರೂ ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ತಲೆದೂಗುತ್ತ ಕೂರುವವನು. ದೊಡ್ಡಣ್ಣನ ಕಿವಿ ಅಂದರೆ ಕಿವಿ ಎನ್ನುವುದು ಅವರ ಮನೆಯಲ್ಲಿ ನಡೆದುಬಂದ ಮಾತು.

ಬಾಗಿಲ ಬಳಿ ನಿಂತು ಬಂದವರಿಗೆ ತಲೆಯಾಡಿಸುತ್ತಿದ್ದ ಅವಳ ಗಂಡನ ಕೈ ಚೌಕಟ್ಟಿನ ಮೇಲೆ ಬಿಗಿಯಾಯಿತು. ಲಿಫ್ಟುಗಳನ್ನು ರಿಪೇರಿ ಮಾಡುತ್ತಲೇ ಕೂದಲು ನರೆಸಿಕೊಂಡ ಮನುಷ್ಯ. ಕಟ್ಟಡದವರೆಲ್ಲ ಅವನನ್ನು ಮೆಕ್ಯಾನಿಕ್ ಎಂದೇ ಕರೆಯುತ್ತಿದ್ದರು. ಬೆಳಗಿನಿಂದ ಅವನು ಅತ್ತಿರಲಿಲ್ಲ. ಅಳು ಬರಬೇಕಾದ ಕಡೆ ಇನ್ನೇನೋ ಕುದಿಯುತ್ತಿತ್ತು. ಅದು ಉಕ್ಕದ ಹಾಗೆ ಮುಚ್ಚಳ ಹಿಡಿದು ನಿಂತಿದ್ದ.

"ಅಯ್ಯಯ್ಯೋ, ಇಲ್ಲಿ ನೋಡ್ರಪ್ಪಾ!" ದೊಡ್ಡಣ್ಣ ಕನ್ನಡಕವನ್ನು ಹಣೆಗೇರಿಸಿ ಬಗ್ಗಿದ. "ಮೋನೋ ಗುಂಡಿ ಒತ್ತಿಟ್ಟಿದ್ದಾಳೆ! ಇಂಥಾ ಸ್ಟೀರಿಯೋ ಆಂಪ್ಲಿಫೈಯರ್ ಇಟ್ಕೊಂಡು ಇಷ್ಟು ವರ್ಷ ಮೋನೋದಲ್ಲಿ ಕೇಳಿದ್ದಾಳೆ!"

"ಹಾಗಂದ್ರೇನು?" ಕೆಳಮನೆಯ ಟೀಚರಮ್ಮ ಕೇಳಿದರು. ಬೆಳಿಗ್ಗೆಯಿಂದ ಎಲ್ಲರ ಲೋಟ ತೊಳೆದಿಡುತ್ತಿದ್ದವರು ಅವರೇ. ಕೈ ಇನ್ನೂ ಒದ್ದೆಯಾಗಿತ್ತು.

"ಎರಡು ಸ್ಪೀಕರ್ ಯಾಕಿರೋದು ಟೀಚರಮ್ಮಾ? ಕೊಳಲು ಈ ಕಡೆ, ಪಿಟೀಲು ಆ ಕಡೆ, ಎದುರಿಗೇ ಕೂತು ನುಡಿಸಿದ ಹಾಗೆ ಕೇಳಲಿ ಅಂತ. ಈ ಗುಂಡಿ ಒತ್ತಿದ್ರೆ ಎಲ್ಲಾನೂ ಕಲಸಿ ಎರಡು ಸ್ಪೀಕರಿಗೂ ಒಂದನ್ನೇ ಬಡಿಸುತ್ತೆ. ಎಲ್ಲ ಬಣ್ಣ ಕಲಸಿದ್ರೆ ಕೊನೆಗೆ ಮಣ್ಣಿನ ಬಣ್ಣ ಬರುತ್ತಲ್ಲ, ಹಾಗೆ."

"ಅದನ್ನ ಮುಟ್ಟಬೇಡಿ ಭಾವ," ಎಂದ ಮೆಕ್ಯಾನಿಕ್.

"ಯಾಕೆ, ಒಡೆದುಹೋಗುತ್ತಾ? ನೀವು ಲಿಫ್ಟ್ ನೋಡ್ಕೊಳ್ಳಿ, ಇದು ನನ್ನ ಇಲಾಖೆ."

ಮತ್ತೆ ನಗು.

*

ಆ ಗುಂಡಿಗಾಗಿ ಗಂಡ ಹೆಂಡತಿ ಪೇಟೆಯ ಅಂಗಡಿಗಳನ್ನೆಲ್ಲ ಜಾಲಾಡಿದ್ದರು.

ಅವಳ ಎಡಗಿವಿ ಸತ್ತು ಎಷ್ಟೋ ಕಾಲವಾಗಿತ್ತು. ಗಂಡನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ದಾರಿಯಲ್ಲಿ ಯಾರ ಜೊತೆ ಹೊರಟರೂ ಅವರ ಎಡಕ್ಕೆ ಸರಿದು ನಡೆಯುತ್ತಿದ್ದಳು, ಮಾತು ಬಲಗಿವಿಗೆ ಬೀಳಲಿ ಎಂದು. ಹಿಂದಿನಿಂದ ಕರೆದರೆ ಎಷ್ಟೋ ಸಲ ತಿರುಗುತ್ತಿರಲಿಲ್ಲ. ಜಂಬದವಳು ಎಂದರು, ಮಂಕು ಎಂದರು. ಮದುವೆಯಾದ ಹೊಸದರಲ್ಲಿ ಗಂಡನೂ ಹಾಗೇ ಅಂದುಕೊಂಡಿದ್ದ.

ಹೊಲಿಗೆ ಮುಗಿಸಿ ಬಂದಮೇಲೆ ಅವಳಿಗೆ ಸಂಗೀತ ಬೇಕು. ಗೋಡೆಗಳು ತೆಳು, ಪಕ್ಕದ ಮನೆಯವರು ಸೀನಿದರೂ ಕೇಳುವ ಮನೆ. ಹಾಗಾಗಿ ದನಿ ತಗ್ಗಿಸಿ, ಬಲಗಿವಿಯನ್ನು ಒಂದು ಸ್ಪೀಕರಿನ ಪಕ್ಕಕ್ಕೇ ಇಟ್ಟು ಕೂರುತ್ತಿದ್ದಳು. ಆದರೆ ಕೊಳಲು ಒಂದು ಪೆಟ್ಟಿಗೆಯಲ್ಲಿ, ಪಿಟೀಲು ಇನ್ನೊಂದರಲ್ಲಿ. ಪಿಟೀಲಿನ ಪಕ್ಕ ಕೂತರೆ ಕೊಳಲು ಅಷ್ಟು ದೂರದಲ್ಲೇ ಉಳಿದುಬಿಡುತ್ತಿತ್ತು.

ಮೊದಲ ಅಂಗಡಿಯಲ್ಲಿ ಟೈ ಕಟ್ಟಿದ ಮಾರಾಟಗಾರ ಅವರನ್ನು ಮೆತ್ತನೆಯ ಸೋಫಾದಲ್ಲಿ ಕೂರಿಸಿದ. "ನೂರು ವ್ಯಾಟ್ ಮೇಡಂ! ಹಚ್ಚಿದ್ರೆ ಗೋಡೆ ಅಲ್ಲಾಡುತ್ತೆ."

"ನಮ್ಮದು ಬಾಡಿಗೆ ಗೋಡೆ," ಎಂದಳು ಅವಳು. "ಮೋನೋ ಗುಂಡಿ ಇದೆಯಾ ಇದರಲ್ಲಿ?"

"ಅದು ಹಳೇ ಕಾಲದ್ದು ಮೇಡಂ, ಈಗ ಯಾರು ಕೇಳ್ತಾರೆ? ಬ್ಯಾಲೆನ್ಸ್ ಇದೆಯಲ್ಲ, ಯಾವ ಕಡೆ ಬೇಕೋ ಆ ಕಡೆ ತಿರುಗಿಸಿ."

"ತಿರುಗಿಸಿದ್ರೆ ಇನ್ನೊಂದು ಕಡೆಯದು ಹೋಗೇಬಿಡುತ್ತಲ್ಲಪ್ಪ. ನನಗೆ ಎರಡೂ ಬೇಕು. ಒಂದೇ ಕಡೆ ಬೇಕು."

ಮಾರಾಟಗಾರ ಗಂಡನ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಸಾರ್, ಸ್ಟೀರಿಯೋ ಅಂದ್ರೇನು ಅಂತ ಮೇಡಮ್ಮಿಗೆ ಸ್ವಲ್ಪ ಬಿಡಿಸಿ ಹೇಳಿ."

ಹೊರಗೆ ಬಂದಮೇಲೆ ಮೆಕ್ಯಾನಿಕ್ ಸಿಡುಕಿದ. "ಒಂದು ಕಿವಿ ಕೇಳಲ್ಲ ಅಂತ ಹೇಳಿದ್ರೆ ಏನಾಗ್ತಿತ್ತೇ ನಿನಗೆ?"

"ಹೇಳಿದ್ರೆ ಆಂಪ್ಲಿಫೈಯರ್ ತೋರಿಸಲ್ಲ ರೀ, ಕನಿಕರ ತೋರಿಸ್ತಾರೆ," ಎಂದು ಮುಂದಿನ ಅಂಗಡಿಯ ಮೆಟ್ಟಿಲು ಹತ್ತಿದಳು.

ಅಲ್ಲೂ ವ್ಯಾಟಿನ ಪುರಾಣವೇ. ಅದರಾಚೆಯದರಲ್ಲೂ ಅಷ್ಟೆ. ಕೊನೆಗೆ ಸಿಕ್ಕಿದ್ದು ಒಂದು ಓಣಿಯ ತುದಿಯ ಇಕ್ಕಟ್ಟಾದ ಅಂಗಡಿ. ಮೊಣಕೈ ಹರಿದ ಸ್ವೆಟರ್ ಹಾಕಿದ್ದ ಮಾಲೀಕ ಅವಳು ಕೇಳಿದ್ದನ್ನು ಕೇಳಿಸಿಕೊಂಡು ಯಾಕೆ ಎನ್ನಲಿಲ್ಲ. ಸ್ವಲ್ಪ ಹೊತ್ತು ಅವಳ ಕತ್ತು ವಾಲುವ ರೀತಿಯನ್ನೇ ನೋಡಿದ. ಆಮೇಲೆ ಓಡುತ್ತಿದ್ದ ಸಂಗೀತದ ಮುಂದೆ ತಾನೇ ಹೋಗಿ ನಿಂತು, ತನ್ನ ಎಡಗಿವಿಗೆ ಬೆರಳಿಟ್ಟುಕೊಂಡು, ಒಂದು ಹಾಡು ಮುಗಿಯುವ ತನಕ ಹಾಗೇ ಕೇಳಿದ. ಎದ್ದು ಒಳಗೆ ಹೋದ. ಬರುವಾಗ ಏದುಸಿರು ಬಿಡುತ್ತ, ಯಾರೋ ಬಳಸಿ ಬಿಟ್ಟ ಭಾರದ ಆಂಪ್ಲಿಫೈಯರ್ ಒಂದನ್ನು ಎದೆಗವಚಿಕೊಂಡು ತಂದ. ಧೂಳು ಊದಿ, ತಂತಿ ಸಿಕ್ಕಿಸಿ, ಅವಳು ಜೊತೆಗೆ ತಂದಿದ್ದ ಡಿಸ್ಕ್ ಹಾಕಿ, ಮುಂಭಾಗದ ಒಂದು ಗುಂಡಿಯನ್ನು ಒಳಕ್ಕೆ ಒತ್ತಿದ.

ಆಚೆ ಪೆಟ್ಟಿಗೆಯಲ್ಲೇ ಉಳಿದಿದ್ದ ಕೊಳಲು ಅವಳ ಹತ್ತಿರ ಬಂತು.

"ಇದೇ," ಎಂದಳು. ಎಷ್ಟು ವ್ಯಾಟು ಎಂದು ಕೇಳಲಿಲ್ಲ.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಮೆಕ್ಯಾನಿಕ್ಕನ ಕಾಲು ಜೋಮು ಹಿಡಿದಿತ್ತು. "ನಿಮ್ಮಣ್ಣನ್ನ ಕರೆಯೋಣ," ಎಂದ. "ಬಂದು ಕೇಳ್ಲಿ. ಈ ಗುಂಡಿ ಯಾಕೆ ಅಂತಾನೂ ಕೇಳ್ಲಿ."

ಅವಳು ಮುಖ ಕಿಟಕಿಗೆ ತಿರುಗಿಸಿದಳು. ಅಣ್ಣ ತಾನೇ ಜೋಡಿಸಿದ್ದ ರೇಡಿಯೋದ ಗುಂಡಿಯನ್ನು ಪುಟ್ಟ ಹುಡುಗಿಯಾಗಿದ್ದ ಅವಳು ತಿರುವಿದ್ದಳು. ಅವನು ಬೀಸಿ ಹೊಡೆದಿದ್ದ. ಬೆಳಿಗ್ಗೆ ದಿಂಬಿನ ಮೇಲೆ ರಕ್ತವಿತ್ತು. ಅಮ್ಮ ದಿಂಬಿನ ಚೀಲ ಒಗೆದು ಹಾಕಿ, ಮಗಳ ಕಿವಿಗೆ ಹತ್ತಿ ತುರುಕಿ, "ಯಾರಾದ್ರೂ ಕೇಳಿದ್ರೆ ಕಿವಿ ಸೋರ್ತಿದೆ ಅನ್ನು, ಅಣ್ಣನಿಗೆ ಪರೀಕ್ಷೆ ಇದೆ," ಎಂದಿದ್ದಳು. ಪರೀಕ್ಷೆ ಮುಗಿದರೂ ಆ ಮಾತು ಮುಗಿಯಲಿಲ್ಲ.

"ಅವನಿಗೆ ಹೇಳಬಾರದು. ಆಣೆ ಇಡಿ," ಎಂದಳು.

"ಯಾಕೆ? ಅವನ ಮೇಲೆ ಅಷ್ಟು ಪ್ರೀತೀನಾ?"

"ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಗೊತ್ತಾದ್ರೆ ಅವನು ಅಳ್ತಾನೆ. ಆಮೇಲೆ ನಾನೇ ಸಮಾಧಾನ ಮಾಡ್ಬೇಕು. ಅದೊಂದು ನನ್ನ ಕೈಲಾಗಲ್ಲ ರೀ."

*

ದೊಡ್ಡಣ್ಣ ಅವಳ ಡಿಸ್ಕ್ ಹಾಕಿದ. ಕೊಳಲು ಶುರುವಾದೊಡನೆ ಗುಂಡಿಯನ್ನು ಒಂದು ಸಲ ಅದುಮಿ ಬಿಟ್ಟ. ಅದು ಟಕ್ಕೆಂದು ಹೊರಬಂತು. ಕೊಳಲು ಎಡಗೋಡೆಗೆ ಹಾರಿತು.

"ಈಗ ಬಂತು ನೋಡಿ ಸಂಗೀತ!" ಅವನ ಕಣ್ಣು ಹನಿಗೂಡಿತ್ತು, ತುಟಿ ನಗುತ್ತಿತ್ತು. "ಪಾಪ, ಗೊತ್ತಾಗ್ಲಿಲ್ಲ ಅವಳಿಗೆ. ಚಿಕ್ಕವಳಿದ್ದಾಗಲೂ ಹೀಗೇ. ನಾನು ಊಟ ನಿದ್ದೆ ಬಿಟ್ಟು ರೇಡಿಯೋ ಜೋಡಿಸಿದ್ರೆ, ಹೋಗಿ ಅದರ ಗುಂಡಿ ತಿರುವಿ ಹಾಳುಮಾಡಿದ್ಲು. ಒಂದು ಬಿಟ್ಟೆ ನೋಡಿ! ಬುಗುರಿ ಥರ ತಿರುಗಿ ಬಿದ್ಲು. ಆಮೇಲೆ ನನ್ನ ರೇಡಿಯೋ ಹತ್ರ ಸುಳಿದಿದ್ರೆ ಕೇಳಿ."

ಎಲ್ಲರೂ ನಕ್ಕರು. ಮಗಳೂ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಅದೇ ಮೆಕ್ಯಾನಿಕ್ಕನ ಕೈಯ ಮುಚ್ಚಳ ಹಾರಿಸಿತು.

"ಯಾವ ಕೈಯಲ್ಲಿ?" ಎಂದ.

"ಏನು?"

"ಯಾವ ಕೈಯಲ್ಲಿ ಹೊಡೆದ್ರಿ ಭಾವ?"

"ಇದೊಳ್ಳೆ ಕತೆಯಾಯ್ತು. ಬಲಗೈಲಿ. ಎಲ್ಲರೂ ಹೊಡೆಯೋ ಕೈಲಿ."

"ಹಾಗಿದ್ರೆ ಎದುರಿಗೆ ನಿಂತವಳಿಗೆ ಬಿದ್ದದ್ದು ಎಡಗಿವಿ ಮೇಲೆ." ಮೆಕ್ಯಾನಿಕ್ ಚೌಕಟ್ಟು ಬಿಟ್ಟು ಒಳಗೆ ಬಂದ. "ಅವತ್ತಿಗೆ ಹೋಯ್ತು ಆ ಕಿವಿ. ಮತ್ತೆ ಕೇಳಲೇ ಇಲ್ಲ. ಆ ಗುಂಡಿ ಗೊತ್ತಿಲ್ಲದೆ ಒತ್ತಿದ್ದಲ್ಲ ಭಾವ. ಉಳಿದಿದ್ದ ಒಂದು ಕಿವಿಗೇ ಎಲ್ಲಾ ಬರ್ಲಿ ಅಂತ ಒತ್ತಿದ್ದು. ಆ ಗುಂಡಿ ಇದೆ ಅಂತಾನೇ ಇದನ್ನ ತಂದಿದ್ದು."

ಕೊಳಲು ಎಡಗೋಡೆಯಲ್ಲಿ ತನ್ನ ಪಾಡಿಗೆ ನುಡಿಯುತ್ತಿತ್ತು.

"ಯಾರು ಹೇಳಿದ್ದು ನಿಮಗೆ?" ದೊಡ್ಡಣ್ಣನ ದನಿ ಏರಿತು. "ಹೆಣದ ಮುಂದೆ ನಿಂತು ಏನು ಮಾತಾಡ್ತಿದ್ದೀರಿ? ಅವಳಿಗೆ ಕಿವಿ ಸೋರ್ತಿತ್ತು. ಅಮ್ಮ ದಿನಾ ಹತ್ತಿ ಇಡ್ತಿದ್ಲು, ನಾನೇ ನೋಡಿದ್ದೀನಿ..."

ಮಾತು ಅಲ್ಲಿಗೇ ನಿಂತಿತು. ಹತ್ತಿ ಇಡಲು ಶುರುಮಾಡಿದ್ದು ಯಾವಾಗಿನಿಂದ ಎನ್ನುವುದು ಅವನಿಗೆ ಆಗ ಹೊಳೆಯಿತೆಂದು ಕಾಣುತ್ತದೆ.

"ನಾನು ಚಿಕ್ಕವನು ಆಗ," ಎಂದ.

"ಅವಳು ನಿಮಗಿಂತ ಚಿಕ್ಕವಳು."

"ಒಂದು ಸಲ... ಒಂದೇ ಒಂದು ಸಲ ಹೇಳಬಹುದಿತ್ತಲ್ಲ ಅವಳು!"

"ನೀವು ಅಳ್ತೀರಿ ಅಂತ ಹೇಳಲಿಲ್ಲ."

ದೊಡ್ಡಣ್ಣ ಅಳುತ್ತಿದ್ದ. ಹೆಗಲು ಕುಲುಕಿಸಿಕೊಂಡು, ಮೂಗು ಎಳೆದುಕೊಳ್ಳುತ್ತ, ಯಾರಾದರೂ ಹಿಡಿದುಕೊಳ್ಳಲಿ ಎನ್ನುವಂತೆ ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರೂ ಏಳಲಿಲ್ಲ. ಎದ್ದವರು ಟೀಚರಮ್ಮ ಒಬ್ಬರೇ. ಅವರು ಅವನನ್ನು ದಾಟಿ ಹೋದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಯಾವ ಗುಂಡಿ ಎಂದು ಬಗ್ಗಿ ಹುಡುಕಿ, ಅದನ್ನು ಮತ್ತೆ ಒಳಕ್ಕೆ ಒತ್ತಿದರು.

"ಅಪ್ಪಾ," ಮಗಳು ಹತ್ತಿರ ಬಂದು ಪಿಸುಗುಟ್ಟಿದಳು. "ನನಗೂ ಹೇಳ್ಲಿಲ್ಲ ನೀವು. ಇವತ್ತೇ ಹೇಳ್ಬೇಕಿತ್ತಾ? ಎಲ್ಲರ ಮುಂದೆ?"

"ಇವತ್ತು ಬಿಟ್ಟರೆ ಯಾವತ್ತು ಮಗಾ? ನಾಳೆಯಿಂದ ನಿಮ್ಮಮ್ಮ ಇವರೆಲ್ಲ ಹೇಳೋ ಕತೆಯಲ್ಲಷ್ಟೇ ಇರ್ತಾಳೆ. ಅಲ್ಲಿ ಮಂಕುದಿಣ್ಣೆಯಾಗೇ ಇರಬೇಕಾ? ನೀನೂ ನಕ್ಕೆಯಲ್ಲ!"

ಮಗಳು ತಲೆ ತಗ್ಗಿಸಿದಳು. ಅವಳ ಮೇಲೆ ರೇಗಿದ್ದು ತಪ್ಪೆಂದು ಅವನಿಗೂ ಗೊತ್ತಿತ್ತು. ಅವಳಮ್ಮನ ಮೇಲೂ ಅವನಿಗೆ ಸಿಟ್ಟಿತ್ತು. ಆಣೆ ಹಾಕಿಸಿಕೊಂಡು, ಅದನ್ನು ಒಬ್ಬನೇ ಹೊರು ಎಂದು ಬಿಟ್ಟು ಹೋಗಿದ್ದಕ್ಕೆ.

*

ಗಾಡಿ ಬಂತು. ಕೆಲಸದವರು ಇಬ್ಬರು ಮೆಟ್ಟಿಲು ಹತ್ತಿ ಬಂದರು. ಲಿಫ್ಟು ಇಕ್ಕಟ್ಟು, ಮಲಗಿದವರನ್ನು ಒಯ್ಯಲು ಆಗದು ಎಂದು ಮೆಕ್ಯಾನಿಕ್ ಬೆಳಿಗ್ಗೆಯೇ ಹೇಳಿದ್ದ. ಬಂದವರಲ್ಲಿ ಹಿರಿಯವನು ಟೋಪಿ ತೆಗೆದು ಬಾಗಿಲಲ್ಲೇ ನಿಂತ.

"ನೋಡೋರು ನೋಡ್ಕೊಂಡ್ಬಿಡಿ," ಎಂದ. "ಅವಸರ ಇಲ್ಲ. ಆಮೇಲೆ ನಾವು ಎತ್ತುತ್ತೀವಿ."

ಒಬ್ಬೊಬ್ಬರಾಗಿ ಬಂದು ನೋಡಿ ಸರಿದರು. ಮಗಳು ಅಮ್ಮನ ಕೂದಲು ಸರಿಪಡಿಸಿ ಹೋದಳು. ಕಡೆಗೆ ಮೆಕ್ಯಾನಿಕ್ ಮಂಚದ ಬಲಕ್ಕೆ ಮಂಡಿಯೂರಿ ಕೂತು ಅವಳ ಬಲಗಿವಿಯ ಹತ್ತಿರ ಬಾಯಿ ತಂದ.

"ಹೇಳಿಬಿಟ್ಟೆ ಕಣೇ," ಎಂದ. "ಬೈಕೋ. ಆದ್ರೆ ನೀನು ಎದ್ದು ಸಮಾಧಾನ ಮಾಡೋ ಹಾಗಿಲ್ಲ. ಅದೊಂದು ತಪ್ಪಿತು ನಿನಗೆ."

ಇನ್ನೂ ಏನೇನೋ ಹೇಳಿದ. ಗ್ಯಾಸು ಮುಗಿದದ್ದನ್ನು ಹೇಳಿದ, ಅಂಗಡಿಯಿಂದ ಅವಳ ಕತ್ತರಿ ತರಿಸಿಕೊಂಡದ್ದನ್ನು ಹೇಳಿದ. ಹೇಳುವುದೆಲ್ಲ ಮುಗಿಯಿತು.

ಮಂಚದ ಆ ಬದಿಯಲ್ಲಿ ಹೆಜ್ಜೆ ಕೇಳಿಸಿತು. ದೊಡ್ಡಣ್ಣ ಬಂದು ತಂಗಿಯ ಎಡಕ್ಕೆ ಬಗ್ಗಿದ. ತುಟಿ ತೆರೆದವನು ಹಾಗೇ ತಡೆದ. ನಿಧಾನಕ್ಕೆ ನೆಟ್ಟಗಾದ. ಮಂಚದ ಕಾಲ್ದೆಸೆಯನ್ನು ಬಳಸಿಕೊಂಡು, ಗೋಡೆಗೂ ಮಂಚಕ್ಕೂ ನಡುವೆ ಮೈ ತೂರಿಸಿಕೊಂಡು ಈ ಬದಿಗೆ ಬಂದ. ಮೆಕ್ಯಾನಿಕ್ಕನ ಬೆನ್ನ ಹಿಂದೆ, ತನ್ನ ಸರದಿ ಬರಲಿ ಎಂದು, ಎರಡು ಕೈಯನ್ನೂ ಎದುರಿಗೆ ಹೆಣೆದುಕೊಂಡು ನಿಂತ.

ಬಾಗಿಲಲ್ಲಿ ಟೋಪಿ ಹಿಡಿದವನು ಕಾಲು ಬದಲಿಸಿದ. ಕೆಳಗೆ ಗಾಡಿಯ ಇಂಜಿನ್ನು ಓಡುತ್ತಲೇ ಇತ್ತು. ಮೆಕ್ಯಾನಿಕ್ಕನ ಹತ್ತಿರ ಇನ್ನು ಮಾತಿರಲಿಲ್ಲ. ಆದರೂ ಹಿಂದೆ ನಿಂತವನಿಗೆ ಜಾಗ ಬಿಡದೆ, ಅವಳ ಕಿವಿಯಿಂದ ಬಾಯಿ ತೆಗೆಯದೆ, ದನಿಯಿಲ್ಲದೆ, ಅವನು ತುಟಿ ಅಲ್ಲಾಡಿಸುತ್ತಲೇ ಇದ್ದ.